ಅಂಕಿತದಿಂದ ಹುಡುಕುವ ವಿದ್ಯೆ

ಹೆಸರು ತಿಳಿದ ವಸ್ತುವನ್ನು ಹುಡುಕುವುದು ಸುಲಭವು; ಹೆಸರು ತಿಳಿಯದ ವಸ್ತುವನ್ನು ಹುಡುಕುವುದೇ ಕಠಿಣವು. ಶಬ್ದವು ಗೊತ್ತಿದ್ದರೆ ನಿಘಂಟಿನಲ್ಲಿ ಅದರ ಅರ್ಥವು ಕೂಡಲೆ ದೊರೆಯುವುದು; ಆದರೆ ಅರ್ಥವು ಮನಸ್ಸಿನಲ್ಲಿದ್ದು ಶಬ್ದವು ಮರೆತುಹೋದವನಿಗೆ ಆ ನಿಘಂಟು ಏನು ಸಹಾಯ ಮಾಡೀತು? ಇಂಥ ಸಂಕಟಕ್ಕೆ ವಿದ್ವಾಂಸರು ಕಂಡುಕೊಂಡಿರುವ ಒಂದು ಉಪಾಯವನ್ನು ಈ ಲೇಖನದಲ್ಲಿ ವಾಚಕರ ಮುಂದಿಡಬೇಕೆಂದಿದ್ದೇವೆ. ಈ ಉಪಾಯವು ಗಣಕಯಂತ್ರಗಳ ಲೋಕದಲ್ಲಿ ಇತ್ತೀಚೆಗೆ ಬಳಕೆಗೆ ಬಂದಿರುವುದಾದರೂ ಇದರ ತತ್ತ್ವವು ಗೋಳಗುಮ್ಮಟದ ಊರಿಗೆ ಹೊಸದಲ್ಲ.

ಫ. ಗು. ಹಳಕಟ್ಟಿಯವರು 1904ರಲ್ಲಿ ವಕೀಲಿ ವೃತ್ತಿಯನ್ನು ಹಿಡಿದು ವಿಜಾಪುರಕ್ಕೆ, ಅಂದರೆ ಈಗಿನ ವಿಜಯಪುರಕ್ಕೆ, ಬಂದು ನೆಲೆಸಿದರು. ಮಠಗಳಲ್ಲಿಯೂ ಮನೆಗಳ ಜಗುಲಿಗಳ ಮೇಲೆಯೂ ಕೇವಲ ಪೂಜೆಗೊಳ್ಳುತ್ತಿದ್ದ ತಾಡವೋಲೆಯ ಕಟ್ಟುಗಳನ್ನು ಅವರು ಶೋಧಿಸಿ ತಂದು, ಓದಿ, ಪ್ರತಿ ಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಬೆಳಕಿಗೆ ತಂದರು, 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಆದರೆ ಆ ಓಲೆಗಳಲ್ಲಿ ಬರಹವು ಎಡೆಬಿಡದೆ ಸಾಗಿರುವುದು. ಅನೇಕ ಕಟ್ಟುಗಳಲ್ಲಿ ಹಲವರ ವಚನಗಳು ವಿಷಯಾನುಸಾರವಾಗಿ ಬೆರೆತುಕೊಂಡಿರುವವು. ಹೀಗಿರಲು ಇದು ಇಂಥವರ ಮಾತೆಂದು ನಿರ್ಣಯಿಸುವುದು ಹೇಗೆ?

ವಚನದೊಳಗಿನ ಅಂಕಿತವೇ ಇದಕ್ಕೆ ಕೀಲಿಕೈಯಾಯಿತು. ‘ಕೂಡಲಸಂಗಮದೇವ’ ಎಂದಿದ್ದರೆ ಬಸವಣ್ಣನವರದು. ‘ಚೆನ್ನಮಲ್ಲಿಕಾರ್ಜುನ’ ಎಂದಿದ್ದರೆ ಅಕ್ಕಮಹಾದೇವಿಯದು. ‘ಗುಹೇಶ್ವರ’ ಎಂದಿದ್ದರೆ ಅಲ್ಲಮಪ್ರಭುಗಳದು. ಇಲ್ಲಿ ಒಂದು ಶಬ್ದದ ಬೆಲೆಯೆಷ್ಟೆಂಬುದನ್ನು ನಮ್ಮ ವಾಚಕ ಭಗಿನಿಯರು ವಿಶೇಷವಾಗಿ ಲಕ್ಷಿಸಬೇಕು. ಆಯ್ದಕ್ಕಿ ಮಾರಯ್ಯನ ಅಂಕಿತವು ‘ಅಮರೇಶ್ವರಲಿಂಗ’. ಅವನ ಪತ್ನಿಯಾದ ಲಕ್ಕಮ್ಮನ ಅಂಕಿತವು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಪ್ರತಿ ಮಾಡುವವನ ಕೈತಪ್ಪಿನಿಂದ ‘ಮಾರಯ್ಯಪ್ರಿಯ’ ಎಂಬ ಒಂದು ಶಬ್ದವು ಬಿಟ್ಟುಹೋದರೆ ಸಾಕು, ಹೆಂಡತಿಯ ಮಾತು ಗಂಡನ ಲೆಕ್ಕಕ್ಕೆ ಸೇರಿಹೋಗುವುದು! ಕಾಯಕದ ಘನತೆಯನ್ನು ಗಂಡನಿಗೇ ತಿಳಿಯಹೇಳಿದ ಆ ತಾಯಿಯ ಸ್ವಂತ ಧ್ವನಿಯು ಇಂದಿಗೂ ಉಳಿದುಬಂದಿರುವುದು ಆ ಗುರುತಿನ ಬಲದಿಂದಲ್ಲವೆ?

ಇನ್ನು ಗಣಕಯಂತ್ರದ ಮಾತಿಗೆ ಬರೋಣ. ಕಂಪ್ಯೂಟರಿಗೆ ಬರೆಯುವ ಆಜ್ಞೆಗಳ ಸಮೂಹದಲ್ಲಿ ಒಂದೊಂದು ಚಿಕ್ಕ ಕೆಲಸವನ್ನು ಮಾಡುವ ಘಟಕಕ್ಕೆ ‘ಫಂಕ್ಷನ್’ ಎನ್ನುವರು. ಅದಕ್ಕೆ ಏನನ್ನೋ ಕೊಡಬೇಕು. ಅದು ಏನನ್ನೋ ಹಿಂದಿರುಗಿಸುವುದು. ತಿಕೋಟಾದ ಕಡೆಯ ಒಕ್ಕಲಿಗರು ಹಸಿ ದ್ರಾಕ್ಷಿಯನ್ನು ಶೆಡ್ಡಿಗೆ ಹಾಕಿ ಒಣದ್ರಾಕ್ಷಿಯನ್ನು ತೆಗೆಯುವಂತೆಯೇ ಇದೆಂದು ತಿಳಿಯಬೇಕು. ಒಳಗೆ ಹೋಗುವುದು ಯಾವ ಬಗೆಯದು, ಹೊರಗೆ ಬರುವುದು ಯಾವ ಬಗೆಯದು ಎಂಬೀ ವಿವರಕ್ಕೆ ‘ಟೈಪ್ ಸಿಗ್ನೇಚರ್’ ಎಂದು ಹೆಸರು. ನಾವು ಅದನ್ನು ಬಗೆಯ ಅಂಕಿತವೆನ್ನಬಹುದು. ವಚನದ ಅಂಕಿತವು ಕರ್ತೃವನ್ನು ಸೂಚಿಸುವುದು, ಇದು ಕೆಲಸದ ಆಕಾರವನ್ನು ಸೂಚಿಸುವುದು, ಭೇದವು ಇಷ್ಟೇ. ಆದರೆ ಎರಡೂ ವಸ್ತುವಿನೊಳಗೇ ಅಡಗಿರುವವು. ಹೊರಗಿನಿಂದ ಚೀಟಿಯನ್ನು ಅಂಟಿಸಬೇಕಾದುದಿಲ್ಲ. ರಾಬಿನ್ ಮಿಲ್ನರರು 1978ರಲ್ಲಿ ಪ್ರಕಟಿಸಿದ ಕ್ರಮದಿಂದ, ಬರೆದವನು ಬಗೆಯನ್ನು ಹೇಳದಿದ್ದರೂ ಯಂತ್ರವೇ ಅದನ್ನು ಊಹಿಸಿ ತಿಳಿಯಬಲ್ಲದು.

ದೊಡ್ಡ ಸಂಸ್ಥೆಗಳಲ್ಲಿ ಇಂಥ ಫಂಕ್ಷನ್ನುಗಳು ಸಾವಿರಾರು ಇರುವವು; ಒಬ್ಬನು ಇಟ್ಟ ಹೆಸರು ಇನ್ನೊಬ್ಬನಿಗೆ ಹೊಳೆಯದು. ಸಿಕ್ಕದಿದ್ದರೆ ಅವನು ಅದನ್ನೇ ಹೊಸದಾಗಿ ಬರೆಯುವನು. ಅದರಿಂದ ಶ್ರಮವು ವ್ಯರ್ಥವಾಗುವುದಲ್ಲದೆ ಹಳೆಯದರಲ್ಲಿ ತಿದ್ದಿಹೋದ ತಪ್ಪುಗಳು ಹೊಸದರಲ್ಲಿ ಮತ್ತೆ ತಲೆಯೆತ್ತುವವು. ಈ ಕಾರಣದಿಂದ ಹೆಸರನ್ನು ಬಿಟ್ಟು ಬಗೆಯ ಅಂಕಿತದಿಂದಲೇ ಹುಡುಕಬಹುದೆಂದು 1989ರಲ್ಲಿ ಸ್ವೀಡನ್ನಿನ ಮಿಕಾಯೆಲ್ ರಿಟ್ರಿಯವರೂ, ಇಂಗ್ಲಂಡದ ಕಾಲಿನ್ ರನ್ಸಿಮನ್ ಹಾಗೂ ಇಯಾನ್ ಟಾಯ್ನ್ ಅವರೂ ಬೇರೆಬೇರೆಯಾಗಿ ತೋರಿಸಿಕೊಟ್ಟರು. ಕೊಡುವ ವಸ್ತುಗಳ ಅನುಕ್ರಮವು ಹಿಂದುಮುಂದಾದರೂ ಹುಡುಕಾಟವು ಕೆಡಬಾರದೆಂಬುದನ್ನೂ ಅವರು ಯೋಚಿಸಿದ್ದರು. ರೊಟ್ಟಿಗೆ ಹಿಟ್ಟನ್ನು ಮೊದಲು ಹೇಳಿದರೇನು, ನೀರನ್ನು ಮೊದಲು ಹೇಳಿದರೇನು? ಮುಂದೆ 2004ರಲ್ಲಿ ನೀಲ್ ಮಿಚೆಲ್ಲರು ‘ಹ್ಯಾಸ್ಕೆಲ್’ ಎಂಬ ಗಣಕಭಾಷೆಗಾಗಿ ‘ಹೂಗಲ್’ ಎಂಬ ಶೋಧನ ಸಾಧನವನ್ನು ರಚಿಸಿದರು. ಕೊಡುವುದನ್ನೂ ಪಡೆಯುವುದನ್ನೂ ಬರೆದುಕೊಟ್ಟರೆ ಅದಕ್ಕೆ ಹೊಂದುವ ಫಂಕ್ಷನ್ನುಗಳ ಪಟ್ಟಿಯನ್ನು ಅದು ಮುಂದಿಡುವುದು.

ಆದರೆ ಅಂಕಿತವೊಂದೇ ಸರ್ವವನ್ನೂ ಹೇಳುವುದೆಂದು ಭ್ರಮಿಸಲಾಗದು. ಜೋಳವನ್ನು ಕೊಟ್ಟು ಹಿಟ್ಟನ್ನು ಪಡೆಯುವ ಸಾಧನವೆಂದರೆ ಬೀಸುವ ಕಲ್ಲು, ಇಲ್ಲವೆ ಗಿರಣಿ. ಹುಡುಕಾಟವು ಅಲ್ಲಿಗೆ ಮುಗಿಯಿತು. ಜೋಳವನ್ನು ಕೊಟ್ಟು ಜೋಳವನ್ನೇ ಪಡೆಯುವ ಸಾಧನವೆಂದರೋ? ಮೊರವೂ ಅದೇ, ಜರಡಿಯೂ ಅದೇ, ಸೇರೂ ಅದೇ! ಹಾಗೆಯೇ ಸಂಖ್ಯೆಗಳ ಸಾಲನ್ನು ಕೊಟ್ಟು ಒಂದು ಸಂಖ್ಯೆಯನ್ನು ಪಡೆಯುವ ಫಂಕ್ಷನ್ ಯಾವುದೆಂದು ಕೇಳಿದರೆ, ಕೂಡಿಸುವುದೂ ಗುಣಿಸುವುದೂ ದೊಡ್ಡದನ್ನು ಆರಿಸುವುದೂ ಒಟ್ಟಿಗೆ ಬಂದು ನಿಲ್ಲುವವು. ವಚನಗಳ ವಿಷಯದಲ್ಲಿಯೂ ಹೀಗೆಯೇ. ‘ರಾಮನಾಥ’ ಎಂಬ ಅಂಕಿತವು ಕೈಯಲ್ಲಿದ್ದರೂ ದೇವರ ದಾಸಿಮಯ್ಯನೂ ಜೇಡರ ದಾಸಿಮಯ್ಯನೂ ಒಬ್ಬನೇ ಇಬ್ಬರೇ ಎಂಬ ಚರ್ಚೆಯು ವಿದ್ವಾಂಸರಲ್ಲಿ ನಡೆದೇ ಇರುವುದು. ಅಂಕಿತವು ನಮ್ಮನ್ನು ಬಾಗಿಲವರೆಗೆ ಕರೆದೊಯ್ಯುವುದು. ಒಳಗೆ ಹೊಕ್ಕು ಪರೀಕ್ಷಿಸುವ ವಿವೇಕವನ್ನು ನಾವೇ ಒಯ್ಯಬೇಕು.

ಹಳಕಟ್ಟಿಯವರು 1964ರಲ್ಲಿ ತೀರಿಕೊಂಡರು. ವಿಜಯಪುರದಲ್ಲಿ 1980ರಲ್ಲಿ ಸ್ಥಾಪಿತವಾದ ಎಂಜಿನಿಯರಿಂಗ್ ಮಹಾವಿದ್ಯಾಲಯವು ಅವರ ಹೆಸರನ್ನೇ ಹೊತ್ತಿರುವುದು. ಗಣಕವಿದ್ಯೆಯೂ ಅಲ್ಲಿ ಕಲಿಸಲ್ಪಡುತ್ತಿರುವುದು. ತಿಕೋಟಾ, ಬಬಲೇಶ್ವರಗಳಂಥ ಊರುಗಳ ಮನೆಗಳಿಂದ ಈ ವಿದ್ಯೆಗೆ ಹೊರಟ ಮಕ್ಕಳಿಗೆ ಆ ಹೆಸರಿನಲ್ಲಿಯೇ ಒಂದು ಪಾಠವಿದೆ. ಹೊಸದನ್ನು ಕಟ್ಟುವ ಮೊದಲು ಹಿಂದಿನವರು ಕಟ್ಟಿಟ್ಟುದನ್ನು ಹುಡುಕಬೇಕು. ತಾವು ಕಟ್ಟುವಾಗ ಮುಂದಿನವರಿಗೆ ಸಿಗುವಂತೆ ಸ್ಪಷ್ಟವಾದ ಗುರುತನ್ನು ಉಳಿಸಬೇಕು. ಶರಣರು ತಮ್ಮ ಹೆಸರನ್ನು ಮುಂದೆ ಮಾಡದೆ ಅಂಕಿತವನ್ನಷ್ಟೇ ಇಟ್ಟುಹೋದರು. ಏಳುನೂರು ವರ್ಷಗಳ ಮೇಲೆ ಅದನ್ನು ಹಿಡಿದು ಹುಡುಕುವವನೊಬ್ಬನು ಹುಟ್ಟಿಬಂದನು. ಚೆನ್ನಾಗಿ ಗುರುತಿಟ್ಟ ಕೆಲಸವು ಕಳೆದುಹೋದಂತೆ ತೋರಿದರೂ ಕಳೆದುಹೋಗುವುದಿಲ್ಲ.