ಎಷ್ಟು ಅಗಲದ ಸ್ಕೀ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಬಹುಪಾಲು ಜನಕ್ಕೆ ಸ್ಕೀ ಅಂದರೆ ಇವತ್ತಿಗೂ ಸಿನಿಮಾ ಹಾಡಿನಲ್ಲಿ ಕಂಡ ಸಂಗತಿ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್ ಆಸುಪಾಸು. ಕಾಶ್ಮೀರದ ಗುಲ್ಮಾರ್ಗದ ಹುಲ್ಲುಗಾವಲು ಅದಕ್ಕಿಂತ ಏಳುನೂರು ಮೀಟರ್ ಮೇಲಿದೆ. ಆದರೂ ಹಿಮ ಮೊದಲಿನಷ್ಟು ದೂರದ್ದಾಗಿ ಉಳಿದಿಲ್ಲ. ಪಿರಿಯಾಪಟ್ಟಣ ಬಿಟ್ಟು ಕಾವೇರಿ ದಾಟಿದರೆ ಕೊಡಗು. ಆ ಕೊಡಗಿನ ತೆಕ್ಕಡ ಭವಾನಿ ನಂಜುಂಡ 2023ರಲ್ಲಿ ಸ್ಲೊವೇನಿಯಾದ ಪ್ಲಾನಿಟ್ಸಾದಲ್ಲಿ ನಡೆದ ವಿಶ್ವ ನಾರ್ಡಿಕ್ ಸ್ಕೀ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಪರ ಓಡಿದರು. ಸ್ಪರ್ಧೆಯ ಮಾತು ಹಾಗಿರಲಿ, ಈ ತಾಲ್ಲೂಕುಗಳಿಂದ ಹೋಗಿ ಸಿಯಾಟಲ್, ಡೆನ್ವರ್, ಮ್ಯೂನಿಕ್‌ಗಳಲ್ಲಿ ನೆಲೆಸಿದ ಮನೆಗಳಿಗೆ ಚಳಿಗಾಲದ ಶನಿವಾರ ಎಂದರೆ ಸ್ಕೀ. ಇಲ್ಲೇ ಇರುವವರೂ ರಜೆ ಹಾಕಿ ಗುಲ್ಮಾರ್ಗ, ಔಲಿ, ಸೋಲಂಗ್‌ಗಳಿಗೆ ಕಲಿಯಲು ಹೋಗುತ್ತಾರೆ. ಬೀಳದೆ ನಿಲ್ಲುವುದು, ಎರಡೂ ಸ್ಕೀಗಳನ್ನು ಜೋಡಿಯಾಗಿಟ್ಟು ಸಾಧಾರಣ ಇಳಿಜಾರಿನಲ್ಲಿ ತಿರುಗುವುದು ಕೈವಶವಾದ ಮೇಲೆ, ಕಡಿದಾದ ಜಾಗದಲ್ಲಿ ಇನ್ನೂ ಎದೆ ಡವಗುಟ್ಟುವ ಹಂತದಲ್ಲಿ, ಬಹುತೇಕ ಎಲ್ಲರಿಗೂ ಸ್ವಂತ ಸ್ಕೀ ಕೊಳ್ಳುವ ಆಸೆ ಹುಟ್ಟುತ್ತದೆ. ಅಂಗಡಿಗೆ ಹೋದರೆ ಕಣ್ಣಿಗೆ ಬೀಳುವುದು ಅಗಲವಾದ, ಬಣ್ಣಬಣ್ಣದ ಪೌಡರ್ ಸ್ಕೀ, ಅಂದರೆ ಆಗತಾನೆ ಬಿದ್ದ ಮೆತ್ತನೆಯ ಆಳ ಹಿಮಕ್ಕೆ ಮಾಡಿದ್ದು. ನನ್ನ ವಾದ ಇಷ್ಟೇ: ಈ ಮಧ್ಯಮ ಹಂತದವರು ಕೊಳ್ಳಬೇಕಾದ್ದು ನಡು ಭಾಗ 80ರಿಂದ 90 ಮಿಲಿಮೀಟರ್ ಅಗಲವಿರುವ, ಎಲ್ಲ ಬಗೆಯ ಹಿಮಕ್ಕೂ ಒದಗುವ ಆಲ್-ಮೌಂಟನ್ ಸ್ಕೀ. ಪೌಡರ್ ಸ್ಕೀಯನ್ನು ಹೊಸ ಹಿಮ ಬಿದ್ದ ದಿನ ಬಾಡಿಗೆಗೆ ತರಬೇಕು.

ಸ್ಕೀಯ ಬಾಲದ ಹತ್ತಿರ ಸಣ್ಣಕ್ಷರದಲ್ಲಿ 126-84-110 ಎಂಬಂಥ ಮೂರು ಅಂಕಿಗಳಿರುತ್ತವೆ. ಮೂತಿ, ನಡು, ಬಾಲಗಳ ಅಗಲ ಅದು, ಮಿಲಿಮೀಟರ್ ಲೆಕ್ಕದಲ್ಲಿ. ಪಕ್ಕದಲ್ಲಿ ಇನ್ನೊಂದು ಅಂಕಿ, ಹದಿನೈದೋ ಹದಿನೆಂಟೋ ಮೀಟರ್ ಎಂದು. ಸ್ಕೀಯನ್ನು ಅಂಚಿನ ಮೇಲೆ ವಾಲಿಸಿ ಬಿಟ್ಟರೆ ಅದು ತಾನಾಗಿ ಬರೆಯುವ ವೃತ್ತದ ತ್ರಿಜ್ಯ. ನಡು ಸಣ್ಣದಾಗಿ ಎರಡು ತುದಿ ಅಗಲವಾದ ಈ ಆಕಾರ ಮಾಮೂಲಾದದ್ದು 1993ರಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿ ತನ್ನ ಎಸ್‌ಸಿಎಕ್ಸ್ ಸ್ಕೀಯನ್ನು ಮಾರುಕಟ್ಟೆಗೆ ತಂದ ಮೇಲೆ. ಅದಕ್ಕೆ ಮುಂಚೆ ಸ್ಕೀಗಳು ಉದ್ದಕ್ಕೆ, ಹೆಚ್ಚುಕಮ್ಮಿ ನೆಟ್ಟಗೆ ಇರುತ್ತಿದ್ದವು, ತಿರುಗಿಸುವುದಕ್ಕೆ ತೋಳು, ಸೊಂಟ ಎಲ್ಲ ಸೇರಿ ದುಡಿಯಬೇಕಿತ್ತು. ಮೂರು ಅಂಕಿಗಳಲ್ಲಿ ನಡುವಿನದೇ ಮುಖ್ಯ. ನಡು 80ರ ಒಳಗಿದ್ದರೆ ಯಂತ್ರ ಹಾಯಿಸಿ ಒತ್ತಿದ ಗಟ್ಟಿ ಹಿಮಕ್ಕೆ ಮಾಡಿದ್ದು, 80ರಿಂದ 100 ಆಲ್-ಮೌಂಟನ್, 105 ದಾಟಿದರೆ ಪೌಡರ್ ಎಂದು ಸ್ಥೂಲವಾಗಿ ಹೇಳಬಹುದು. ಈ ವಿಂಗಡಣೆಯ ಹಿಂದಿರುವುದು ಹಿಮದ ಸಾಂದ್ರತೆ. ಆಗತಾನೆ ಬಿದ್ದ ಒಣ ಹಿಮ ಒಂದು ಘನ ಮೀಟರಿಗೆ 50ರಿಂದ 100 ಕಿಲೋ ತೂಗುತ್ತದೆ. ಯಂತ್ರ ಒತ್ತಿದ ಹಿಮ 400 ಕಿಲೋ ದಾಟುತ್ತದೆ. ಮೊದಲನೆಯದರಲ್ಲಿ ಭಾರ ಹಂಚುವುದಕ್ಕೆ ಮೈ ಅಗಲ ಬೇಕು, ಇಲ್ಲದಿದ್ದರೆ ಮೂತಿ ಮುಳುಗಿ ಮುಗ್ಗರಿಸುವುದು ಖಚಿತ. ಎರಡನೆಯದರಲ್ಲಿ ಮುಳುಗುವ ಪ್ರಶ್ನೆಯೇ ಇಲ್ಲ, ಅಲ್ಲಿ ಬೇಕಾದ್ದು ಉಕ್ಕಿನ ಅಂಚು ಹಿಮವನ್ನು ಕಚ್ಚಿ ಹಿಡಿಯುವುದು.

ಕೆ.ಆರ್. ನಗರದ ನಾಲೆ ಬಯಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಟಿಗೆ ಗದ್ದೆ ಕೆಸರು ಮಾಡುವಾಗ ಟ್ರ್ಯಾಕ್ಟರ್‌ಗೆ ಕಬ್ಬಿಣದ ಕೇಜ್ ವೀಲ್ ಹಾಕುತ್ತಾರೆ. ಅದಿಲ್ಲದೆ ಬರೀ ಟೈರಿನಲ್ಲಿ ಇಳಿದರೆ ಗಾಡಿ ಹೂತುಕೊಳ್ಳುತ್ತದೆ. ಅದೇ ಕೇಜ್ ವೀಲ್‌ನಲ್ಲಿ ಡಾಂಬರು ರಸ್ತೆಗೆ ಬಂದರೆ ರಸ್ತೆಯೂ ಹಾಳು, ಟ್ರ್ಯಾಕ್ಟರೂ ಹಾಳು. ಪೌಡರ್ ಸ್ಕೀಯನ್ನು ಗಟ್ಟಿ ಹಿಮಕ್ಕೆ ತಂದಾಗ ಹಾಳಾಗುವುದು ಮಾತ್ರ ಮೊಣಕಾಲು. ಬೂಟು ನಿಲ್ಲುವುದು ಸ್ಕೀಯ ನಟ್ಟನಡುವೆ. ಅಲ್ಲಿಂದ ಅಂಚಿಗೆ 80 ಮಿಲಿಮೀಟರ್ ಸ್ಕೀಯಲ್ಲಿ 40, 115ರ ಸ್ಕೀಯಲ್ಲಿ 57ಕ್ಕೂ ಹೆಚ್ಚು ಮಿಲಿಮೀಟರ್ ದೂರ. ಗಟ್ಟಿ ನೆಲದಲ್ಲಿ ಹಿಮ ಮೇಲಕ್ಕೆ ಒತ್ತುವುದು ಆ ಅಂಚಿನಲ್ಲಿ. ದೂರ ಬೆಳೆದಷ್ಟೂ ಸ್ಕೀಯನ್ನು ವಾಲಿಸಿ ಹಿಡಿಯಲು ಕಣಕಾಲು, ಮೊಣಕಾಲು ಹೆಚ್ಚು ತಿಣುಕಬೇಕು. ನಡು ಅಗಲವಾದಂತೆ ತಿರುವಿನಲ್ಲಿ ಮೊಣಕಾಲಿನ ಭಂಗಿಯೇ ಬದಲಾಗುತ್ತದೆ ಎಂದು ಸ್ಲೊವೇನಿಯಾದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೆ. ಪಳಗಿದವರು ಇದನ್ನು ತಾಳಿಕೊಳ್ಳುತ್ತಾರೆ. ಮಧ್ಯಮ ಹಂತದವರು ತಾಳಲಾರದೆ ಅಂಚು ಹಾಕುವುದನ್ನೇ ಬಿಟ್ಟು, ಹಲಗೆಯನ್ನು ಅಡ್ಡಡ್ಡ ಜಾರಿಸಿ ತಿರುಗುವ ಚಾಳಿಗೆ ಬೀಳುತ್ತಾರೆ. ಆ ಹಂತದಲ್ಲಿ ಕಲಿಯಬೇಕಾದ ಮುಖ್ಯ ವಿದ್ಯೆಯೇ ಅಂಚಿನದ್ದು. ಅದನ್ನು ಕಲಿಯಲು ಬಿಡದ ಸ್ಕೀ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ.

ಗುಲ್ಮಾರ್ಗ ಜಗತ್ಪ್ರಸಿದ್ಧವಾಗಿರುವುದೇ ಪೌಡರ್‌ಗಲ್ಲವೇ, ಅಲ್ಲಿಗೆ ಹೋಗುವವರು ಅಗಲದ ಸ್ಕೀ ಕೊಂಡರೆ ತಪ್ಪೇನು ಎಂದು ಕೇಳಬಹುದು. ಪ್ರಸಿದ್ಧಿ ಸುಳ್ಳಲ್ಲ. ಆದರೆ ಆ ಪೌಡರ್ ಎಲ್ಲಿದೆ ಎಂದು ನೋಡಬೇಕು. ಅಲ್ಲಿನ ಕೇಬಲ್ ಕಾರ್ ಆದ ಗೊಂಡೋಲಾದ ಮೊದಲ ಹಂತ 1998ರಲ್ಲಿ ಶುರುವಾಗಿ ಕೊಂಗ್ಡೂರಿಯವರೆಗೆ ಒಯ್ಯುತ್ತದೆ; 2005ರಲ್ಲಿ ಬಂದ ಎರಡನೆಯ ಹಂತ ಅಫರ್ವಟ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರ್ ಎತ್ತರಕ್ಕೆ. ಹೆಸರುವಾಸಿಯಾದ ಪೌಡರ್ ಆ ಮೇಲಿನ ಕಡಿದಾದ ಬೋಳು ಇಳಿಜಾರುಗಳಲ್ಲಿದೆ, ಯಂತ್ರ ಮುಟ್ಟದ ಜಾಗ ಅದು. ಮಧ್ಯಮ ಹಂತದವರು ದಿನ ಕಳೆಯುವುದು ಕೆಳಗೆ, ಬೋಧಕರ ಜೊತೆ, ನೂರಾರು ಜನ ಓಡಾಡಿ ತುಳಿದ ಹಿಮದಲ್ಲಿ. ಇನ್ನೊಂದು ಮಾತು: ಪೌಡರ್ ಎನ್ನುವುದು ಊರಿಗೆ ಅಂಟಿಕೊಂಡ ಗುಣವಲ್ಲ, ಎರಡು ಮೂರು ದಿನದ ಮಾತು. ಬಿಸಿಲು ಬಿದ್ದರೆ ಮೇಲೆ ಹಪ್ಪಳ ಕಟ್ಟುತ್ತದೆ, ಗಾಳಿ ಬೀಸಿದರೆ ಹಲಗೆಯಂತೆ ಬಿಗಿಯುತ್ತದೆ, ಜನ ಹಾದರೆ ಗುಡ್ಡೆಗುಡ್ಡೆಯಾಗುತ್ತದೆ. ಹಿಮವೇ ಬಾರದೆ ಹೋಗುವುದೂ ಉಂಟು. 2024ರ ಜನವರಿಯ ಬಹುಭಾಗ ಗುಲ್ಮಾರ್ಗ ಬರಿನೆಲವಾಗಿತ್ತು. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಹಿಮ ಸಾಲದೆ ಮಾರ್ಚಿಗೆ ಮುಂದೆ ಹೋಯಿತು. ಮೈಸೂರಿನಿಂದ ತಿಂಗಳ ಮುಂಚೆ ವಿಮಾನದ ಟಿಕೆಟ್ ಮಾಡಿಸುವವರು ಯಾವ ಹಿಮ ಸಿಗುತ್ತದೆಂದು ನಂಬಿ 115 ಮಿಲಿಮೀಟರ್ ಸ್ಕೀ ಹೊತ್ತು ಹೋಗಬೇಕು? ವರ್ಷಕ್ಕೊಂದು ವಾರ ಹೋಗುವವರಿಗಂತೂ ಸ್ಕೀ ಕೊಳ್ಳುವುದೇ ದಂಡ, ಆಲ್-ಮೌಂಟನ್ ಆದರೂ ಸರಿಯೇ. ಬಾಡಿಗೆ ಅಂಗಡಿಯಲ್ಲಿ ಅಂಚಿಗೆ ತುಕ್ಕು ಹಿಡಿದಿದೆಯೇ, ತಳದಲ್ಲಿ ಕಲ್ಲು ಕೆತ್ತಿದ ಗಾಯವಿದೆಯೇ ಎಂದು ತಿರುಗಿಸಿ ನೋಡಿ ತೆಗೆದುಕೊಂಡರೆ ಸಾಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆಯೊಂದಿದೆ: ಮೆತ್ತನೆಯ ಆಳ ಹಿಮದಲ್ಲಿ ಅಗಲದ ಸ್ಕೀ ಕಲಿಯುವವರಿಗೇ ಹೆಚ್ಚು ಸುಲಭ. ಇದು ನಿಜ. 1988ರಲ್ಲಿ ಆಸ್ಟ್ರಿಯಾದ ಅಟಾಮಿಕ್ ಕಂಪನಿಯ ರೂಪರ್ಟ್ ಹೂಬರ್ ಸ್ನೋಬೋರ್ಡೊಂದನ್ನು ಉದ್ದಕ್ಕೆ ಸೀಳಿದಂತೆ ಪೌಡರ್ ಪ್ಲಸ್ ಎಂಬ ಅಗಲದ ಸ್ಕೀ ರೂಪಿಸಿದಾಗ, ಅದನ್ನು ಮೊದಲು ಅಪ್ಪಿಕೊಂಡವರಲ್ಲಿ ಕೆನಡಾದ ಬೆಟ್ಟಗಳಿಗೆ ಹೆಲಿಕಾಪ್ಟರಿನಲ್ಲಿ ಹೋಗುವ, ಅಷ್ಟೇನೂ ಕಸುವಿಲ್ಲದ ಗಿರಾಕಿಗಳೂ ಇದ್ದರು. ಆಮೇಲೆ ಶೇನ್ ಮೆಕಾಂಕಿ ಎಂಬ ಅಮೆರಿಕನ್, ಆಳ ಹಿಮ ನೆಲಕ್ಕಿಂತ ನೀರಿಗೆ ಹತ್ತಿರ ಎಂದು ಯೋಚಿಸಿ, ವಾಟರ್ ಸ್ಕೀಯಂತೆ ಎರಡೂ ತುದಿ ಮೇಲಕ್ಕೆ ಬಾಗಿದ, ನಡು ಉಬ್ಬಿದ ಆಕಾರವೊಂದನ್ನು ಕಲ್ಪಿಸಿದ. 2002ರಲ್ಲಿ ವೊಲಾಂಟ್ ಕಂಪನಿ ಅದನ್ನು ಸ್ಪಾಟ್ಯುಲಾ ಹೆಸರಿನಲ್ಲಿ ಮಾಡಿತು. ಇವತ್ತಿನ ಪೌಡರ್ ಸ್ಕೀಗಳೆಲ್ಲ ಒಂದಲ್ಲ ಒಂದು ರೀತಿ ಅದರ ಸಂತತಿ. ಆದರೆ ಈ ಚರಿತ್ರೆಯೇ ಹೇಳುವಂತೆ ಆ ಸ್ಕೀಗಳು ಆಳ ಹಿಮದ ಆ ಒಂದು ದಿನಕ್ಕೆ ಹುಟ್ಟಿದವು. ಅಂಥ ದಿನ ಬಂದರೆ ಧಾರಾಳವಾಗಿ ಅಗಲದ್ದನ್ನು ಹಾಕಿ ಎಂದೇ ನಾನೂ ಹೇಳುತ್ತೇನೆ, ಬಾಡಿಗೆ ಇರುವುದು ಅದಕ್ಕೇ. ಆ ದಿನದ ಹಿಮ ನೋಡಿ ತೀರ್ಮಾನಿಸುವುದು ಸ್ಪರ್ಧಿಗಳ ರೂಢಿಯೂ ಹೌದು. ಮೊದಲು ಹೇಳಿದ ಭವಾನಿಯವರ ವಿಭಾಗವಾದ ಕ್ರಾಸ್-ಕಂಟ್ರಿಯಲ್ಲಿ ಸ್ಕೀಗಳ ಅಗಲ ನಾಲ್ಕೂವರೆ ಸೆಂಟಿಮೀಟರ್ ಆಸುಪಾಸು, ಹಿಮ್ಮಡಿ ಸ್ಕೀಗೆ ಕಟ್ಟಿಕೊಂಡಿರುವುದಿಲ್ಲ, ಆಟವೇ ಬೇರೆ. ಅಲ್ಲೂ ದೊಡ್ಡ ತಂಡಗಳು ಜೋಡಿಗಟ್ಟಲೆ ಸ್ಕೀ ತಂದು, ಆ ಬೆಳಗಿನ ಹಿಮದ ಉಷ್ಣತೆ ನೋಡಿ ಯಾವುದಕ್ಕೆ ಯಾವ ಮೇಣ ಎಂದು ತೀರ್ಮಾನಿಸುತ್ತವೆ. ಹಿಮ ನೋಡುವ ಮೊದಲೇ ಸ್ಕೀ ಗೊತ್ತುಮಾಡುವವರು ಹೊಸಬರು ಮಾತ್ರ.

ತೇಲುವ ಲೆಕ್ಕದಲ್ಲಿ ಮರೆತುಹೋಗುವ ಇನ್ನೊಂದು ಬಾಬ್ತು ಮೈಭಾರ. 80 ಕಿಲೋ ತೂಕದವರೊಬ್ಬರು 185 ಸೆಂಟಿಮೀಟರ್ ಉದ್ದದ, 115 ನಡುವಿನ ಪೌಡರ್ ಸ್ಕೀ ಹಾಕಿದರೆ ಚದರ ಮೀಟರಿಗೆ ಬೀಳುವ ಭಾರ ಸುಮಾರು 175 ಕಿಲೋ. 55 ಕಿಲೋ ತೂಕದವರು 165 ಸೆಂಟಿಮೀಟರಿನ, 85 ನಡುವಿನ ಆಲ್-ಮೌಂಟನ್ ಮೇಲೆ ನಿಂತರೂ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಸಣ್ಣ ಮೈಕಟ್ಟಿನವರಿಗೆ, ನಮ್ಮಲ್ಲಿ ಅಂಥವರೇ ಜಾಸ್ತಿ, ಸಾಧಾರಣ ಸ್ಕೀಯೇ ಪೌಡರ್ ಸ್ಕೀಯ ಕೆಲಸವನ್ನು ಬಹುಪಾಲು ಮಾಡಿಬಿಡುತ್ತದೆ. ಎತ್ತರ ಮೈಕಟ್ಟಿನ ಬೋಧಕರ ಕಾಲಿನದ್ದನ್ನು ನೋಡಿ ಆಸೆಪಟ್ಟರೆ ಈ ಲೆಕ್ಕ ತಪ್ಪುತ್ತದೆ. ಹೊರದೇಶದ ಕನ್ನಡಿಗರಿಗೂ ಅವರವರ ಊರಿನ ಹಿಮವೇ ಆಧಾರ. ಕ್ಯಾಲಿಫೋರ್ನಿಯಾದ ಟಾಹೋಗೆ, ಸಿಯಾಟಲ್ ಸುತ್ತಿನ ಬೆಟ್ಟಗಳಿಗೆ ಸಮುದ್ರದ ಗಾಳಿ ತರುವ ಹಿಮ ಒದ್ದೆ, ಭಾರ. ಟಾಹೋ ಕಡೆಯವರೇ ಅದನ್ನು ಸಿಯೆರಾ ಸಿಮೆಂಟ್ ಎಂದು ಗೇಲಿ ಮಾಡುತ್ತಾರೆ. ವರ್ಷಕ್ಕೆ ಹತ್ತಾರು ದಿನ ಅದರಲ್ಲೇ ಆಡುವವರು 90-95ರವರೆಗೆ ಹೋಗಬಹುದು, ಗುಡ್ಡೆಗುಡ್ಡೆಯಾದ ಭಾರದ ಹಿಮವನ್ನು ಸೀಳಿಕೊಂಡು ಹೋಗಲು ಸ್ವಲ್ಪ ಅಗಲ ಅನುಕೂಲ. ಮ್ಯೂನಿಕ್, ಜ್ಯೂರಿಕ್‌ಗಳಿಂದ ಆಲ್ಪ್ಸ್‌ಗೆ ಹೋಗುವವರ ದಿನವೆಲ್ಲ ಒತ್ತಿದ ದಾರಿಗಳಲ್ಲೇ ಕಳೆಯುವುದರಿಂದ 80-84 ಸಾಕು. ಕೊಲರಾಡೊ, ಯೂಟಾಗಳ ಹಿಮ ಒಣ, ಹಗುರ. ಪೌಡರ್ ಸ್ಕೀ ಕೊಳ್ಳುವ ಆಸೆಗೆ ಅಲ್ಲಿ ಒಂದಿಷ್ಟು ಅರ್ಥವಿದೆ, ಅದೂ ಎರಡನೆಯ ಜೋಡಿಯಾಗಿ.

ಅಗಲ ಗೊತ್ತಾದ ಮೇಲೆ ನೋಡಬೇಕಾದ್ದು ಬಾಗು ಮತ್ತು ಬಿಗಿ. ಜೋಡಿ ಸ್ಕೀಯನ್ನು ತಳಕ್ಕೆ ತಳ ಸೇರಿಸಿ ಹಿಡಿದರೆ ನಡುವೆ ಬೆರಳು ತೂರುವಷ್ಟು ಸಂದಿ ಕಾಣಬೇಕು, ಮೂತಿಯ ಕಡೆ ಮತ್ತೆ ಬೇರೆಯಾಗಿ ತೆರೆದುಕೊಳ್ಳಬೇಕು. ಆ ಸಂದಿಗೆ ಕ್ಯಾಂಬರ್ ಎನ್ನುತ್ತಾರೆ. ಮೇಲೆ ನಿಂತಾಗ ಅದು ಚಪ್ಪಟೆಯಾಗಿ ಅಂಚನ್ನು ಉದ್ದಕ್ಕೂ ಹಿಮಕ್ಕೆ ಒತ್ತುತ್ತದೆ. ಮೂತಿಯ ಏರಿಕೆ ರಾಕರ್. ತಿರುವು ಸಲೀಸಾಗುತ್ತದೆ, ಮೆತ್ತನೆ ಹಿಮದಲ್ಲಿ ಮೂತಿ ಮೇಲೇ ಇರುತ್ತದೆ. ಮಧ್ಯಮ ಹಂತಕ್ಕೆ ಎರಡೂ ಬೇಕು. ನಡುವನ್ನು ಒಂದು ಕೈಯಲ್ಲಿ ಹಿಸುಕಿದರೆ ಸಂದಿ ಮುಚ್ಚುವಂತಿದ್ದರೆ ಬಿಗಿ ಹದವಾಗಿದೆ ಎಂದು ಅಂದಾಜಿಸಬಹುದು. ಒಳಗೆ ಲೋಹದ ಹಾಳೆಗಳಿರುವ ಬಿಗಿ ಸ್ಕೀಯನ್ನು “ಮುಂದಕ್ಕಾಗುತ್ತದೆ, ಕಲಿತ ಮೇಲೆ ಬೇಕಾಗುತ್ತದೆ” ಎಂದು ತರುವವರಿದ್ದಾರೆ. ವೇಗವಿಲ್ಲದವರ ಕೈಯಲ್ಲಿ ಅದು ಬಾಗುವುದೇ ಇಲ್ಲ, ಬಾಗದ ಸ್ಕೀ ತಿರುಗುವುದೂ ಇಲ್ಲ, ಹಾಗಾಗಿ ಆ ಮುಂದು ಬರುವುದೂ ಇಲ್ಲ. ಸ್ಕೀಯ ಉದ್ದ ಗದ್ದದಿಂದ ಹಣೆಯವರೆಗೆ ಎಲ್ಲಿದ್ದರೂ ನಡೆಯುತ್ತದೆ. ಇಷ್ಟೆಲ್ಲ ಹೇಳಿದ ಮೇಲೂ, ಕೈಯಲ್ಲಿರುವ ದುಡ್ಡು ಒಂದಕ್ಕೇ ಸಾಲುವುದಾದರೆ ಸ್ಕೀ ಬಿಟ್ಟು ಬೂಟು ಕೊಳ್ಳುವುದೇ ವಾಸಿ. ಒಳಗಿನ ಮೆತ್ತೆ ತೆಗೆದು ಬರೀ ಚಿಪ್ಪಿನೊಳಗೆ ಕಾಲಿಟ್ಟು, ಬೆರಳ ತುದಿ ಮುಂದೆ ತಾಗುವಂತೆ ನಿಂತಾಗ ಹಿಮ್ಮಡಿಯ ಹಿಂದೆ ಒಂದೂವರೆ ಎರಡು ಸೆಂಟಿಮೀಟರ್ ಜಾಗ ಉಳಿಯಬೇಕು. ಹೆಚ್ಚಿದ್ದರೆ ಬೂಟು ದೊಡ್ಡದು. ಚಪ್ಪಲಿಯಲ್ಲೇ ಬೆಳೆದ ಅಗಲ ಪಾದಕ್ಕೆ 102 ಮಿಲಿಮೀಟರ್ ಅಗಲದ ಬೂಟನ್ನು ಕೇಳಿ ನೋಡಬೇಕು, ಉದ್ದ ಜಾಸ್ತಿಯದ್ದನ್ನು ತೆಗೆದುಕೊಂಡು ಸರಿತೂಗಿಸಲು ಹೋಗಬಾರದು. ಬೂಟನ್ನು ಸ್ಕೀಗೆ ಹಿಡಿದಿಟ್ಟು, ಬಿದ್ದಾಗ ಬಿಡುವ ಬೈಂಡಿಂಗ್‌ನ ಅಂಕಿಯನ್ನು ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಆಡುವ ಮಟ್ಟ ಇಷ್ಟನ್ನೂ ಕೇಳಿ ಅಂಗಡಿಯವರೇ ಕೂರಿಸಬೇಕು. ಗೆಳೆಯರದ್ದನ್ನು ಎರವಲು ತಂದು ಹಾಗೇ ಹಾಕಿಕೊಂಡರೆ ಬಿಡಬೇಕಾದಾಗ ಬಿಡದೆ ಕಾಲು ಮುರಿಯಬಹುದು.

ಪೌಡರ್ ಸ್ಕೀ ಕಾಲಿಗೆ ಹತ್ತಿದ ಮೇಲೆ ಪೌಡರ್ ಇರುವ ಕಡೆ ಹೋಗಬೇಕು ಅನ್ನಿಸುವುದು ಸಹಜ. ಗುಲ್ಮಾರ್ಗದ ಮೇಲಿನ ಇಳಿಜಾರುಗಳಲ್ಲಿ 2023ರ ಫೆಬ್ರವರಿಯ ಹಿಮಕುಸಿತಕ್ಕೆ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು ಬಲಿಯಾದರು. ಹೊಸ ಹಿಮ ಬಿದ್ದ ಮರುದಿನವೇ ಕುಸಿತದ ಭಯವೂ ಜಾಸ್ತಿ. ಹಾಗಾಗಿ ಅಗಲದ ಸ್ಕೀ ಬಾಡಿಗೆಗೆ ತರುವ ದಿನ ಅಲ್ಲಿನ ಸ್ಕೀ ಗಸ್ತಿನವರು ಯಾವ ಇಳಿಜಾರು ತೆರೆದಿದ್ದಾರೆ ಎಂದು ಕೇಳಿಕೊಂಡು, ಗೈಡ್ ಜೊತೆಯೇ ಹೋಗಬೇಕು. ಹೂತವರನ್ನು ಹುಡುಕುವ ಬೀಕನ್, ತಿವಿದು ನೋಡುವ ಉದ್ದನೆಯ ಕಡ್ಡಿ, ಸಲಿಕೆ ಈ ಮೂರೂ ಪ್ರತಿಯೊಬ್ಬರ ಹತ್ತಿರ ಇರಬೇಕು, ಬೀಕನ್ ಬಳಸುವುದನ್ನು ಹಿಂದಿನ ಸಂಜೆಯೇ ಬಯಲಿನಲ್ಲಿ ಹೂತು ಹುಡುಕಿ ರೂಢಿ ಮಾಡಿಕೊಂಡಿರಬೇಕು.