ಜೇಡನ ಸಂಸಾರ

ಹೆಣ್ಣು ಜೇಡ ಗಂಡನನ್ನೇ ತಿಂದುಬಿಡುತ್ತದಂತೆ ಎಂಬ ಮಾತನ್ನು ನೀವೂ ಕೇಳಿರಬಹುದು. ಕೆಲವು ಜಾತಿಗಳಲ್ಲಿ ಹೌದು, ಎಲ್ಲದರಲ್ಲೂ ಅಲ್ಲ. ನನಗೆ ಅದಕ್ಕಿಂತ ಸೋಜಿಗವೆನಿಸಿದ್ದು ಗಂಡಿನ ಪೂರ್ವತಯಾರಿ. ಅದರ ವೀರ್ಯ ಬರುವುದು ಹೊಟ್ಟೆಯ ಅಡಿಯಿಂದ, ಕೂಡುವ ಅಂಗ ಇರುವುದು ಮುಖದ ಹತ್ತಿರ! ಹಾಗಾಗಿ ಮೊದಲು ಚಿಕ್ಕದೊಂದು ಬಲೆ ನೇಯ್ದು, ವೀರ್ಯದ ತೊಟ್ಟನ್ನು ಅದರ ಮೇಲೆ ಬಿಟ್ಟು, ಬಾಯಿಯ ಎರಡೂ ಪಕ್ಕದ ಕಿರುಗೈಗಳ ತುದಿಗೆ ಹೀರಿಕೊಳ್ಳುತ್ತದೆ. ಪೆನ್ನಿಗೆ ಶಾಯಿ ತುಂಬಿದ ಹಾಗೆ. ಕಿರುಗೈಯ ತುದಿ ಗುಂಡಗೆ ಉಬ್ಬಿದ್ದರೆ ಅದು ಬಲಿತ ಗಂಡು ಅಂತ ಗುರುತು ಹಿಡಿಯಬಹುದು.

ಮಳೆಗಾಲ ಮುಗಿಯುವ ಹೊತ್ತಿಗೆ ಅಡಿಕೆ ಮರಗಳ ನಡುವೆ ದೊಡ್ಡ ಬಲೆ ಹಾಕಿ ಕೂರುವ ಕಪ್ಪು-ಹಳದಿ ಜೇಡ ಗೊತ್ತಲ್ಲ? ಅದು ಹೆಣ್ಣು. ಮೈಯೇ ಮೂರು-ನಾಲ್ಕು ಸೆಂಟಿಮೀಟರ್. ಅದೇ ಬಲೆಯ ಮೂಲೆಯಲ್ಲಿ ಅರ್ಧ ಸೆಂಟಿಮೀಟರಿನ ಕೆಂಪು ಗಂಡು ಇರುತ್ತದೆ; ಮರಿ ಅಂದುಕೊಂಡು ಬಿಟ್ಟುಬಿಡುತ್ತೇವೆ. ಕೂಡುವಾಗ ಈ ಪುಟ್ಟಪ್ಪ ಹೆಣ್ಣಿನ ಬೆನ್ನಿಗೆ ನೂಲು ಹಾಸುತ್ತದೆ. ಅದರಿಂದ ಹೆಣ್ಣು ಶಾಂತವಾಗುತ್ತದೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಈ ಹೆಣ್ಣು ಮೊಟ್ಟೆಯಿಡಲು ಬಲೆಬಿಟ್ಟು ನೆಲಕ್ಕಿಳಿದು, ಸಣ್ಣ ಗುಳಿ ತೋಡಿ, ಮಣ್ಣು-ತರಗೆಲೆ ಮುಚ್ಚುತ್ತದೆ. ತೋಟದ ಕಸಕ್ಕೆ ಬೆಂಕಿ ಕೊಡುವವರು ಇದನ್ನೊಮ್ಮೆ ನೆನಪಿಟ್ಟುಕೊಳ್ಳಿ.

ಭತ್ತದ ಗದ್ದೆಯ ತೋಳಜೇಡದ ಕತೆ ಬೇರೆ. ಇದಕ್ಕೆ ಬಲೆಯೇ ಇಲ್ಲ, ಓಡಿ ಹಿಡಿಯುವ ಜಾತಿ. ನೇಜಿ ನೆಟ್ಟ ಸ್ವಲ್ಪ ದಿನಕ್ಕೇ ಗದ್ದೆಗೆ ಇಳಿಯುತ್ತದೆ. ಗಂಡು ಕಿರುಗೈ ಆಡಿಸಿ ತನ್ನ ಗುರುತು ಹೇಳಬೇಕು. ಇಲ್ಲದಿದ್ದರೆ ಊಟವಾಗುವ ಅಪಾಯ ಇದ್ದದ್ದೇ. ಹೆಣ್ಣು ವೀರ್ಯವನ್ನು ಮೈಯೊಳಗೇ ಜೋಪಾನ ಮಾಡಿ, ಒಂದೇ ಕೂಟದಿಂದ ಹಲವು ಸಲ ಮೊಟ್ಟೆಯಿಡಬಲ್ಲದು. ಮೂರು-ನಾಲ್ಕು ತಿಂಗಳ ಬಾಳಿನಲ್ಲಿ 200ರಿಂದ 400 ಮೊಟ್ಟೆ. ಅವನ್ನು ನೂಲಿನ ಚೀಲದಲ್ಲಿ ಹೊಲಿದು ಹಿಂಬದಿಗೆ ಅಂಟಿಸಿಕೊಂಡೇ ತಿರುಗುತ್ತದೆ. ಚೀಲದ ಹೊಲಿಗೆ ಕಚ್ಚಿ ಬಿಡಿಸುವುದೂ ತಾಯಿಯೇ. ಹೊರಬಂದ 60-80 ಮರಿಗಳು ಅದರ ಬೆನ್ನೇರಿ ಕೆಲವು ದಿನ ಸವಾರಿ ಮಾಡುತ್ತವೆ.

ದೊಡ್ಡ ಜೇಡವೊಂದು ದಿನಕ್ಕೆ 5ರಿಂದ 15 ಹುಳ ತಿನ್ನುತ್ತದೆ, ಕಂದು ಜಿಗಿಹುಳುವೂ ಅದರಲ್ಲಿ ಸೇರಿತು. ಈಗ ಲೆಕ್ಕ ಹಾಕಿ. ಕಂಡ ನಾಲ್ಕು ಹುಳಕ್ಕೆ ಹೆದರಿ ಎಲ್ಲವನ್ನೂ ಕೊಲ್ಲುವ ವಿಷ ಹೊಡೆದರೆ ಜಿಗಿಹುಳುವಿನ ಮೊಟ್ಟೆ ಭತ್ತದ ಎಲೆಯ ಒರೆಯೊಳಗೆ ಭದ್ರವಾಗಿರುತ್ತದೆ, ವಾರ-ಹತ್ತು ದಿನಕ್ಕೆ ಒಡೆಯುತ್ತದೆ. ಜೇಡನ ಮೊಟ್ಟೆ ಮಾತ್ರ ತಾಯಿಯ ಜತೆಗೇ ಹೋಯಿತು. ಆಮೇಲೆ ಬರುವ ಜಿಗಿಹುಳು ಮೊದಲಿನದಕ್ಕಿಂತ ಜೋರು, ತಿನ್ನುವವರೇ ಇಲ್ಲವಲ್ಲ!

ನಾನು ಸಿಂಪಡಣೆಯ ಯೋಚನೆ ಬಂದಾಗ ಮೊದಲು ಬುಡ ಬಿಡಿಸಿ ನೋಡುತ್ತೇನೆ. ಬಿಳಿ ಚೀಲ ಎಳೆದುಕೊಂಡು ಓಡುವ ಜೇಡಗಳು ಕಂಡರೆ ಪಂಪು ಮನೆಯಲ್ಲೇ ಉಳಿಯುತ್ತದೆ, ಮೂರು ದಿನ ಬಿಟ್ಟು ಮತ್ತೆ ನೋಡುವುದು. ಹುಣಿಯ ಹುಲ್ಲನ್ನೂ ಒಟ್ಟಿಗೇ ಸವರುವುದಿಲ್ಲ. ಒಂದು ಬದಿ ಈಗ, ಇನ್ನೊಂದು ಬದಿ ಹದಿನೈದು ದಿನ ಕಳೆದು.