ಇಷ್ಟದ ಸಂಗೀತವೇ ಬೇರೆ, ಕರೆದ ಬ್ಯಾಂಡೇ ಬೇರೆ: ಸೇರಬೇಕೆ, ಬೇಡವೆ?

ಹತ್ತು ಹನ್ನೆರಡು ವರ್ಷ ಕರ್ನಾಟಕ ಸಂಗೀತದಲ್ಲಿ ಪಿಟೀಲು ಕಲಿತ ಯುವತಿಯೊಬ್ಬಳು ಕೆಲಸಕ್ಕೆಂದು ಪುಣೆಗೆ ಬಂದಿದ್ದಾಳೆ ಎಂದುಕೊಳ್ಳೋಣ. ಗುರುಗಳು ಊರಿನಲ್ಲಿದ್ದಾರೆ. ಹೊಸ ಊರಿನಲ್ಲಿ ಪಕ್ಕವಾದ್ಯಕ್ಕೆ ಕರೆಯುವಷ್ಟು ಪರಿಚಯ ಯಾರಿಗೂ ಇಲ್ಲ. ಅಷ್ಟರಲ್ಲಿ ಆಫೀಸಿನ ಸಹೋದ್ಯೋಗಿಯೊಬ್ಬ ಬಂದು, ‘ನಮ್ಮ ರಾಕ್ ಬ್ಯಾಂಡ್‌ಗೆ ವಯಲಿನ್ ನುಡಿಸುವವರು ಬೇಕು, ಬರ್ತೀರಾ?’ ಎಂದು ಕೇಳುತ್ತಾನೆ. ಆಕೆ ರಾಕ್ ಸಂಗೀತ ಕೇಳಿದ್ದೇ ಕಡಿಮೆ. ಬೇಡ ಎಂದರೆ ವಾದ್ಯ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಹೂಂ ಎಂದರೆ ಇಷ್ಟು ವರ್ಷ ಕಷ್ಟಪಟ್ಟು ಕಲಿತದ್ದು ಎಲ್ಲಿ ಕೆಟ್ಟುಹೋಗುತ್ತದೋ ಎಂಬ ಅಳುಕು.

ಇಂಥ ಪ್ರಶ್ನೆ ಎದುರಾಗುವುದು ಪಿಟೀಲಿನವರಿಗೆ ಮಾತ್ರವಲ್ಲ. ಜಾಜ್ ಇಷ್ಟಪಡುವ ಡ್ರಮ್ಮರ್‌ಗೆ ಮೆಟಲ್ ಬ್ಯಾಂಡ್‌ನಿಂದ, ಗಜಲ್ ಹಾಡುವವರಿಗೆ ಮದುವೆ ಆರತಕ್ಷತೆಯಲ್ಲಿ ಸಿನಿಮಾ ಹಾಡು ಹೇಳುವ ತಂಡದಿಂದ ಕರೆ ಬರುತ್ತದೆ. ಹೆಚ್ಚಿನವರು ‘ಆ ಸಂಗೀತ ನನಗೆ ಇಷ್ಟವೇ?’ ಎಂದು ಕೇಳಿಕೊಂಡು ನಿರ್ಧರಿಸುತ್ತಾರೆ. ಆದರೆ ಈ ದಾರಿಯಲ್ಲಿ ಹಿಂದೆ ನಡೆದವರ ಅನುಭವ ನೋಡಿದರೆ ಅದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ. ಆ ಬ್ಯಾಂಡ್‌ನ ಹಾಡುಗಳಲ್ಲಿ ತನಗೆ ಮಾಡಲು ಏನಾದರೂ ಇದೆಯೇ ಎಂಬುದೇ ಆ ಪ್ರಶ್ನೆ.

ರಾಕ್ ಬ್ಯಾಂಡ್‌ನಲ್ಲಿ ಜಾಜ್ ಪ್ರೇಮಿ

ರೋಲಿಂಗ್ ಸ್ಟೋನ್ಸ್ ಬ್ಯಾಂಡ್‌ನ ಡ್ರಮ್ಮರ್ ಚಾರ್ಲಿ ವಾಟ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. 1941ರಲ್ಲಿ ಹುಟ್ಟಿದ ವಾಟ್ಸ್ ಲಂಡನ್ನಿನಲ್ಲಿ ಗ್ರಾಫಿಕ್ ಡಿಸೈನರ್ ಆಗಿದ್ದರು. ಮನಸ್ಸೆಲ್ಲ ಜಾಜ್ ಮೇಲೆ, ಅದರಲ್ಲೂ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಮೇಲೆ. ಅಲೆಕ್ಸಿಸ್ ಕಾರ್ನರ್ ಅವರ ಬ್ಲೂಸ್ ತಂಡದಲ್ಲಿ ನುಡಿಸಿದ ಬಳಿಕ, 1963ರ ಆರಂಭದಲ್ಲಿ ಅವರು ರೋಲಿಂಗ್ ಸ್ಟೋನ್ಸ್ ಸೇರಿದರು. 2021ರ ಆಗಸ್ಟ್‌ನಲ್ಲಿ ನಿಧನರಾಗುವವರೆಗೂ, ಅಂದರೆ ಸುಮಾರು 58 ವರ್ಷ, ಅದೇ ತಂಡದಲ್ಲಿ ಉಳಿದರು.

ಹಾಗೆಂದು ಅವರು ಜಾಜ್ ಬಿಡಲಿಲ್ಲ. ಎಡಗೈಯಲ್ಲಿ ಡ್ರಮ್ ಕಡ್ಡಿ ಹಿಡಿಯುವ ಜಾಜ್ ವಾದಕರ ಹಳೆಯ ರೀತಿಯನ್ನು ರಾಕ್ ವೇದಿಕೆಯಲ್ಲೂ ಮುಂದುವರಿಸಿದರು. ದೊಡ್ಡ ಕ್ರೀಡಾಂಗಣಗಳಲ್ಲಿ ನುಡಿಸುವಾಗಲೂ ಕೆಲವೇ ಡ್ರಮ್‌ಗಳ ಸಣ್ಣ ಸೆಟ್ ಸಾಕೆನಿಸಿತು. 1980ರ ದಶಕದಲ್ಲಿ ತಮ್ಮದೇ ದೊಡ್ಡ ಜಾಜ್ ಆರ್ಕೆಸ್ಟ್ರಾ, 1990ರ ದಶಕದಲ್ಲಿ ಐವರ ಜಾಜ್ ತಂಡ ಕಟ್ಟಿದರು. ರಾಕ್ ಅವರ ಕೆಲಸವಾಗಿತ್ತು, ಜಾಜ್ ಅವರ ಮನೆಯಾಗಿತ್ತು. ಆ ಮನೆಯಲ್ಲಿ ಕಲಿತ ಹಗುರ ಹೊಡೆತವೇ ಬ್ಯಾಂಡ್‌ಗೂ ಬೇಕಾಗಿತ್ತು.

ಬಿಟ್ಟು ಹೊರಟವರೂ ಗೆದ್ದರು

ಅದೇ ಕಾಲದ ಇಂಗ್ಲೆಂಡಿನಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾದ ನಿರ್ಧಾರವನ್ನೂ ಒಬ್ಬರು ಕೈಗೊಂಡರು. ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಆಗ ಯಾರ್ಡ್‌ಬರ್ಡ್ಸ್ ತಂಡದಲ್ಲಿದ್ದರು. ಅವರಿಗೆ ಬೇಕಾದದ್ದು ಬ್ಲೂಸ್. ತಂಡ ಹೊರಳಿದ್ದು ಪಾಪ್ ಕಡೆಗೆ. 1965ರಲ್ಲಿ ಬಂದ ‘ಫಾರ್ ಯುವರ್ ಲವ್’ ಜನಪ್ರಿಯವಾಯಿತಾದರೂ ಅದರಲ್ಲಿ ಎದ್ದು ಕೇಳುವುದು ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆ ವಾದ್ಯ. ಕ್ಲಾಪ್ಟನ್ ಗಿಟಾರ್‌ಗೆ ಸಿಕ್ಕಿದ್ದು ಹಾಡಿನ ನಡುವಿನ ಒಂದು ಸಣ್ಣ ಭಾಗ ಮಾತ್ರ. ಹಾಡು ಗೆಲ್ಲುತ್ತಿದ್ದ ಹೊತ್ತಿನಲ್ಲೇ ಅವರು ತಂಡ ಬಿಟ್ಟರು. ಬ್ಲೂಸ್ ನುಡಿಸುತ್ತಿದ್ದ ಜಾನ್ ಮೇಯಲ್ ಅವರ ತಂಡ ಸೇರಿ, 1966ರಲ್ಲಿ ಬಂದ ಆಲ್ಬಂನಿಂದ ಗಿಟಾರ್ ಲೋಕದಲ್ಲಿ ದೊಡ್ಡ ಹೆಸರು ಮಾಡಿದರು.

ಇಬ್ಬರ ನಿರ್ಧಾರವೂ ಸರಿಯೇ. ವಾಟ್ಸ್‌ಗೆ ಬೇರೆ ಪ್ರಕಾರದ ತಂಡದಲ್ಲೂ ತಮ್ಮ ಕೈಗೆ ತಕ್ಕ ಕೆಲಸ ಸಿಕ್ಕಿತು. ಕ್ಲಾಪ್ಟನ್ ಅವರಿಗೆ ಹಾಡಿನಲ್ಲಿ ಜಾಗವೇ ಕಿರಿದಾಗುತ್ತ ಹೋಯಿತು. ಹಾಗಾಗಿ ಬ್ಯಾಂಡ್ ಸೇರುವ ಮುನ್ನ ಅವರ ಐದಾರು ಹಾಡು ಕೇಳಿ, ತನ್ನ ವಾದ್ಯ ಎಲ್ಲಿ ಬರುತ್ತದೆ, ಎಷ್ಟು ಹೊತ್ತು ಬರುತ್ತದೆ, ಅದನ್ನು ತೆಗೆದರೆ ಹಾಡಿಗೆ ಏನಾದರೂ ಕೊರತೆಯಾಗುತ್ತದೆಯೇ ಎಂದು ನೋಡುವುದು ಮೊದಲ ಕೆಲಸ.

ಕಲಿತದ್ದು ಎಲ್ಲಿ ಅಡ್ಡ ಬರುತ್ತದೆ?

ಪುಣೆಯ ಆ ಪಿಟೀಲು ವಾದಕಿಗೆ ಮೊದಲ ರಿಹರ್ಸಲ್‌ನಲ್ಲೇ ಕೆಲವು ತೊಡಕುಗಳು ಎದುರಾಗುತ್ತವೆ. ಮೊದಲನೆಯದು ಶ್ರುತಿ. ಕರ್ನಾಟಕ ಸಂಗೀತದಲ್ಲಿ ಪಿಟೀಲಿನ ನಾಲ್ಕು ತಂತಿಗಳನ್ನು ಸ–ಪ–ಸ–ಪ ಎಂದು ಹೊಂದಿಸಿಕೊಳ್ಳುತ್ತಾರೆ. ಹಾಡುವವರು ಯಾವ ಮನೆಯಲ್ಲಿ ಹಾಡುತ್ತಾರೋ ಅದೇ ಶ್ರುತಿ ಇಡೀ ಕಛೇರಿಗೆ. ಪಾಶ್ಚಾತ್ಯ ಪದ್ಧತಿಯಲ್ಲಿ ಅದೇ ವಾದ್ಯದ ತಂತಿಗಳು ಜಿ–ಡಿ–ಎ–ಇ. ಬ್ಯಾಂಡ್‌ನಲ್ಲಿ ಒಂದು ಹಾಡು ಒಂದು ಶ್ರುತಿಯಲ್ಲಿದ್ದರೆ ಮುಂದಿನದು ಇನ್ನೊಂದರಲ್ಲಿ. ಪ್ರತಿ ಹಾಡಿಗೂ ತಂತಿ ತಿರುಗಿಸುತ್ತ ಕೂರಲು ವೇದಿಕೆಯಲ್ಲಿ ಸಮಯವಿರುವುದಿಲ್ಲ. ಒಂದೇ ಹೊಂದಾಣಿಕೆಯಲ್ಲಿ ಬೇರೆ ಬೇರೆ ಷಡ್ಜ ಹಿಡಿದು ನುಡಿಸುವ ಬೆರಳುಗಾರಿಕೆಯನ್ನು ಹೊಸದಾಗಿ ಕಲಿಯಬೇಕು.

ಎರಡನೆಯದು ಕಾರ್ಡ್. ತಂಬೂರಿಯ ಷಡ್ಜ ಕಛೇರಿಯುದ್ದಕ್ಕೂ ಅಲುಗುವುದಿಲ್ಲ. ಗಿಟಾರಿನ ಕಾರ್ಡ್‌ಗಳು ಒಂದೆರಡು ಅಳತೆಗೊಮ್ಮೆ ಬದಲಾಗುತ್ತವೆ. ಹಿಂದಿನ ಕಾರ್ಡ್‌ಗೆ ಹಿತವಾಗಿದ್ದ ಸ್ವರವನ್ನೇ ಹಿಡಿದು ನಿಂತರೆ ಮುಂದಿನ ಕಾರ್ಡ್‌ಗೆ ಅದು ಅಪಸ್ವರದಂತೆ ಕೇಳಬಹುದು. ಗಮಕದ ಸಮಸ್ಯೆಯೂ ಇದೆ. ತೋಡಿಯ ಗಾಂಧಾರ ತೂಗುತ್ತದೆ, ಕೀಬೋರ್ಡ್‌ನ ಸ್ವರ ನೇರವಾಗಿ ನಿಲ್ಲುತ್ತದೆ. ಎರಡೂ ಒಟ್ಟಿಗೆ ಬಂದರೆ ಕಿವಿಗೆ ಇರಿಸುಮುರುಸು. ಪಿಟೀಲು ಬರುವ ಕಡೆ ಕೀಬೋರ್ಡ್ ತಗ್ಗಲು, ಗಿಟಾರ್ ಒಂದೇ ಸ್ವರದ ಮೇಲೆ ನಿಲ್ಲಲು ತಂಡ ಸಿದ್ಧವಿದೆಯೇ ಎಂದು ಕೇಳುವುದು ಇದಕ್ಕಾಗಿಯೇ.

ಲಯದಲ್ಲಿ ಒಂದು ಅನುಕೂಲವಿದೆ. ಆದಿತಾಳದ ಎಂಟು ಅಕ್ಷರ, ರಾಕ್‌ನ ನಾಲ್ಕು ಎಣಿಕೆಯ ಎರಡು ಅಳತೆಗೆ ಸರಿಯಾಗಿ ಕೂರುತ್ತದೆ. ಆದರೆ ಒತ್ತು ಬೀಳುವ ಜಾಗ ಬೇರೆ. ರಾಕ್ ಡ್ರಮ್ಮರ್ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಬಲವಾಗಿ ಹೊಡೆಯುತ್ತಾರೆ. ಮೃದಂಗ ಕಲಿತವರಿಗೆ ಇನ್ನೂ ಕಷ್ಟದ ವಿಷಯವೆಂದರೆ ನಾಲ್ಕು ನಿಮಿಷ ಒಂದೇ ನಡೆಯನ್ನು, ಮುಕ್ತಾಯಗಳಿಲ್ಲದೆ ಹಿಡಿದುಕೊಂಡು ಹೋಗುವುದು. ಇಲ್ಲಿ ಕಡಿಮೆ ನುಡಿಸುವುದೂ ಒಂದು ವಿದ್ಯೆ.

ಅರ್ಧ ದಾರಿ ಅವರೂ ಬಂದಾಗ

ಒಬ್ಬರೇ ಬದಲಾಗಬೇಕಾದ ತಂಡ ಬಹುಕಾಲ ಬಾಳುವುದಿಲ್ಲ. 1970ರ ದಶಕದ ಮಧ್ಯದಲ್ಲಿ ಹುಟ್ಟಿದ ‘ಶಕ್ತಿ’ ತಂಡ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ವಿದ್ಯುತ್ ವಾದ್ಯಗಳ ಅಬ್ಬರದ ಮಹಾವಿಷ್ಣು ಆರ್ಕೆಸ್ಟ್ರಾ ನಡೆಸಿದ್ದ ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್, ಇಲ್ಲಿ ಅಕೂಸ್ಟಿಕ್ ಗಿಟಾರ್ ಹಿಡಿದು ನೆಲದ ಮೇಲೆ ಕೂತರು. ಗಮಕಕ್ಕೆ ತಂತಿ ಎಳೆಯಲು ಅನುಕೂಲವಾಗುವಂತೆ ಗಿಟಾರಿನ ಮೆಟ್ಟಿಲುಗಳ ನಡುವಿನ ಭಾಗವನ್ನು ಕೆತ್ತಿಸಿ, ಅನುರಣನದ ತಂತಿಗಳನ್ನೂ ಸೇರಿಸಿಕೊಂಡರು. ಪಿಟೀಲಿನ ಎಲ್. ಶಂಕರ್, ಘಟದ ವಿಕ್ಕು ವಿನಾಯಕರಾಮ್, ತಬಲಾದ ಜಾಕಿರ್ ಹುಸೇನ್ ತಮ್ಮ ಪದ್ಧತಿ ಬಿಡದೆ ಹೊಸ ರೀತಿಯ ಸಂವಾದಕ್ಕೆ ಇಳಿದರು. ಹೊಸ ಸದಸ್ಯರೊಂದಿಗೆ ಮರಳಿದ ಇದೇ ತಂಡದ ‘ದಿಸ್ ಮೊಮೆಂಟ್’ ಆಲ್ಬಂಗೆ 2024ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು.

ಬೆಂಗಳೂರಿನ ಉದಾಹರಣೆಯೂ ಇದೆ. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಮತ್ತು ಗಾಯಕಿ ಆರ್.ಎ. ರಮಾಮಣಿ, ಅಮೆರಿಕದ ಜಾಜ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಂದಿಗೆ ಸೇರಿ ಮಾಡಿದ ‘ಜ್ಯೋತಿ’ ಆಲ್ಬಂ ಅನ್ನು ಜರ್ಮನಿಯ ಇಸಿಎಂ ಸಂಸ್ಥೆ 1983ರಲ್ಲಿ ಹೊರತಂದಿತು. ಅದರಲ್ಲಿ ಕರ್ನಾಟಕ ಸಂಗೀತದವರು ಜಾಜ್ ವೇಷ ಹಾಕಿಲ್ಲ. ತಮ್ಮ ಲಯ, ತಮ್ಮ ಗಾಯನದೊಂದಿಗೇ ಅತಿಥಿಯನ್ನು ಬರಮಾಡಿಕೊಂಡಿದ್ದಾರೆ.

ಸಮಯ, ಕಿವಿ, ಹಣ

ಸಂಗೀತದ ಆಚೆಗೂ ಮೂರು ಲೆಕ್ಕಗಳಿವೆ. ಮೊದಲು ಸಮಯ. ಮುಂಬೈ, ದೆಹಲಿಯಂಥ ನಗರಗಳಲ್ಲಿ ರಿಹರ್ಸಲ್ ಎಂದರೆ ಗಂಟೆ ಲೆಕ್ಕದ ಬಾಡಿಗೆ ಕೋಣೆ, ಹೋಗಿಬರುವ ಪ್ರಯಾಣ ಸೇರಿ ಹೆಚ್ಚುಕಡಿಮೆ ಒಂದು ಇಡೀ ಭಾನುವಾರ. ಆ ಭಾನುವಾರ ಗುರುಗಳ ಆನ್‌ಲೈನ್ ಪಾಠದ ದಿನವಾಗಿದ್ದರೆ? ಸ್ವಂತ ಅಭ್ಯಾಸ ನಿಂತುಹೋದರೆ ಬ್ಯಾಂಡ್‌ಗೆ ಕೊಡಲೂ ಏನೂ ಉಳಿಯುವುದಿಲ್ಲ.

ಎರಡನೆಯದು ಕಿವಿ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆ ನಿಯೋಶ್ ಪ್ರಕಾರ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದು. ಪ್ರತಿ 3 ಡೆಸಿಬಲ್ ಏರಿದಾಗ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್ ಮುಟ್ಟಿದರೆ ಮಿತಿ ಕೇವಲ 15 ನಿಮಿಷ. ಸಣ್ಣ ಕೋಣೆಯಲ್ಲಿ ಡ್ರಮ್ ಪಕ್ಕ ನಿಲ್ಲುವವರು ಸಂಗೀತಗಾರರಿಗೆಂದೇ ಸಿಗುವ ಇಯರ್‌ಪ್ಲಗ್ ಹಾಕಿಕೊಳ್ಳುವುದು ಒಳ್ಳೆಯದು. ಸೂಕ್ಷ್ಮ ಸ್ವರ ಗುರುತಿಸುವ ಕಿವಿ ಒಮ್ಮೆ ಹಾಳಾದರೆ ಮೊದಲಿನಂತಾಗುವುದು ಕಷ್ಟ.

ಮೂರನೆಯದು ಹಣ ಮತ್ತು ಹೆಸರು. ಭಾರತದ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಹಿತ್ಯ ಬರೆದವರ, ಸಂಗೀತ ರಚಿಸಿದವರ ಮತ್ತು ನುಡಿಸಿದವರ ಹಕ್ಕುಗಳು ಬೇರೆ ಬೇರೆ. ರಿಹರ್ಸಲ್‌ನಲ್ಲಿ ಪಿಟೀಲಿನವರು ಹುಟ್ಟಿಸಿದ ರಾಗದ ಎಳೆಯೇ ಹಾಡಿನ ಮುಖ್ಯ ಭಾಗವಾಗಬಹುದು. ಸೇರುವವರು ತಂಡದ ಸದಸ್ಯರೋ, ಕಾರ್ಯಕ್ರಮಕ್ಕಿಷ್ಟು ಎಂದು ಪಡೆಯುವ ವಾದಕರೋ, ಹೊಸ ಹಾಡಿಗೆ ಯಾರ ಹೆಸರು ಎಂಬುದನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಂಡರೆ ಮುಂದೆ ಮನಸ್ತಾಪ ಇರುವುದಿಲ್ಲ.

ನಿರ್ಧರಿಸುವುದು ಹೇಗೆ?

ಕೂಡಲೇ ಹೂಂ ಅಥವಾ ಊಹೂಂ ಎನ್ನುವ ಬದಲು ಎರಡು ಮೂರು ರಿಹರ್ಸಲ್‌ಗೆ ಹೋಗಿಬರುವುದು ಕ್ಷೇಮ. ‘ಒಂದು ಕಾರ್ಯಕ್ರಮದವರೆಗೆ ನೋಡೋಣ, ಆಮೇಲೆ ಇಬ್ಬರೂ ಯೋಚಿಸೋಣ’ ಎಂದು ಮೊದಲೇ ಹೇಳಿದರೆ ಯಾರಿಗೂ ಬೇಸರವಾಗುವುದಿಲ್ಲ. ಇದು ತನ್ನ ಇಷ್ಟದ ಪ್ರಕಾರವಲ್ಲ ಎಂಬುದನ್ನೂ ಮುಚ್ಚಿಡಬೇಕಿಲ್ಲ. ಗುರುಗಳಿಗೆ ಬೇರೆಯವರಿಂದ ಸುದ್ದಿ ತಲುಪುವ ಮುನ್ನ ಶಿಷ್ಯರೇ ತಿಳಿಸುವುದು ಮರ್ಯಾದೆ. ಅಭ್ಯಾಸ ಎಲ್ಲಿ ಸಡಿಲಾಗುತ್ತಿದೆ ಎಂದು ಮೊದಲು ಗುರುತಿಸುವವರೂ ಅವರೇ.

ಬೇಡ ಎನ್ನಬೇಕಾದ ಸಂದರ್ಭಗಳೂ ಇವೆ. ತಂಡದ ಹಾಡುಗಳನ್ನು ಮನೆಯಲ್ಲಿ ಒಂದು ವಾರ ಕೇಳಿದರೂ ಒಂದೂ ಹಿಡಿಸದಿದ್ದರೆ, ಪೋಸ್ಟರಿಗೆ ಚೆಂದ ಎಂಬ ಕಾರಣಕ್ಕಷ್ಟೇ ವಾದ್ಯ ಬೇಕಾಗಿದ್ದರೆ ದೂರ ಉಳಿಯುವುದು ಲೇಸು. ‘ಇವರನ್ನು ನನ್ನ ಸಂಗೀತದ ಕಡೆಗೆ ತಿರುಗಿಸುತ್ತೇನೆ’ ಎಂಬ ಗುಟ್ಟಿನ ಆಸೆಯಿಂದ ಸೇರುವುದೂ ತಂಡಕ್ಕೆ ಮಾಡುವ ಅನ್ಯಾಯ. ಬಿಡುವುದಾದರೆ ಕಾರ್ಯಕ್ರಮಕ್ಕೆ ವಾರವಿರುವಾಗ ಬಿಡದೆ, ಬದಲಿ ವಾದಕರು ಸಿಗುವಷ್ಟು ಸಮಯ ಕೊಡಬೇಕು.

ಪುಣೆಯ ಆ ಯುವತಿ ಸಹೋದ್ಯೋಗಿಯನ್ನು ಕೇಳಬೇಕಾದದ್ದು ಇಷ್ಟೇ: ‘ನಿಮ್ಮ ಹಾಡಿನಲ್ಲಿ ಪಿಟೀಲಿಗೆ ಏನು ಕೆಲಸ?’ ಆತ ಒಂದು ಹಾಡು ಹಾಕಿ ‘ಇಲ್ಲಿ ಎಂಟು ಅಳತೆ ನಿಮ್ಮದು, ಏನು ನುಡಿಸ್ತೀರೋ ಕೇಳೋಣ’ ಎಂದರೆ, ಮುಂದಿನ ಭಾನುವಾರ ಪೆಟ್ಟಿಗೆ ತೆಗೆದುಕೊಂಡು ಒಮ್ಮೆ ಹೋಗಿಬರಬಹುದು.